ಹದಿನಾಲ್ಕನೇ ಪ್ರಶ್ನೆ

ಮಾವನ ಬಳಿ ಸರ್ಟಿಫಿಕೇಟ್ ಇರಲಿಲ್ಲ.

ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಎಂಟು ಅಂತಸ್ತಿನ ಹಳೆಯ ಕಚೇರಿ ಕಟ್ಟಡವೊಂದರ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಲಿಫ್ಟಿನ ಮಷೀನ್ ರೂಮ್ ಇತ್ತು. ಅದರ ಬೀಗದ ಕೈ ಸದಾ ಅವನ ಸೊಂಟದಲ್ಲಿರುತ್ತಿತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ಬಾಗಿಲ ಮೊಳೆಗೆ ತೂಗುಹಾಕುತ್ತಿದ್ದ. ಆದರೆ ಅಲ್ಲಿನ ರಿಜಿಸ್ಟರಿನಲ್ಲಿ ಸಹಿ ಬೇರೆಯವರದು. ಲೈಸೆನ್ಸ್ ಇದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ತಿಂಗಳಿಗೊಮ್ಮೆ ಬಂದು, ಮೂವತ್ತು ಸಾಲಿಗೂ ಒಂದೇ ಉಸಿರಿನಲ್ಲಿ ಸಹಿ ಹಾಕಿ, ಚಹಾ ಕುಡಿದು ಹೋಗುತ್ತಿದ್ದರು. ಆ ಪುಸ್ತಕದಲ್ಲಿ ಮಾವ ‘ಸಹಾಯಕ’. ಮೊದಲ ವರ್ಷವೇ ಹಗ್ಗ ಮತ್ತು ಕಪ್ಪಿಯ ನಡುವೆ ಸಿಕ್ಕಿ ಅವನ ಬಲಗೈಯ ಎರಡು ಬೆರಳು ಹೋಗಿದ್ದವು. ಅದನ್ನೂ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಮಾವ ನನ್ನ ಅಮ್ಮನ ತಮ್ಮ. ಓದಲೆಂದು ಅವನ ಮನೆಗೆ ಬಂದು, ಆಮೇಲೆ ಹಾಸ್ಟೆಲ್ ಸೇರಿ, ಕೆಲಸ ಸಿಕ್ಕ ಮೇಲೆ ಮತ್ತೆ ಅವನ ಮನೆಗೇ ಬಂದು ಬಿದ್ದವಳು ನಾನು. ಎರಡು ಕೋಣೆ, ಒಂದು ಅಡುಗೆಮನೆ. ಹೊರಗಿನ ಕೋಣೆಯಲ್ಲಿ ನನ್ನ ಮಂಚ. ಅದರ ಕೆಳಗೆ ಮಾವನ ಸ್ಪ್ಯಾನರ್ ಪೆಟ್ಟಿಗೆ.

ಕೆಲಸ ಸಿಕ್ಕಿದ್ದು ಆನ್‌ಲೈನ್‌ನಲ್ಲಿ ತಾಂತ್ರಿಕ ಕೋರ್ಸ್ ನಡೆಸುವ ಸಣ್ಣ ಕಂಪನಿಯೊಂದರಲ್ಲಿ. ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿ. ಕೆಳಗೆ ಯಂತ್ರ ಶುರುವಾದರೆ ನಮ್ಮ ಮೇಜಿನ ಮೇಲಿನ ಪೆನ್ನುಗಳು ತಾವಾಗಿಯೇ ಉರುಳುತ್ತಿದ್ದವು. ಅಲ್ಲಿನ ಮುಖ್ಯಸ್ಥೆಯನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಗಡಿಯಾರ ಎಂದೂ ಕರೆಯುತ್ತಿದ್ದೆವು. ಬೇರೆ ಯಾರೂ ಮಾಡದ ಒಂದು ವಿಷಯ ಹುಡುಕಿ ತಾ ಎಂದು ಅವರು ನನಗೆ ಹೇಳಿದರು. ನಾನು ಮನೆಗೆ ಬಂದು ಮಂಚದ ಕೆಳಗಿನ ಪೆಟ್ಟಿಗೆ ನೋಡಿದೆ.

‘ಹಳೆಯ ಲಿಫ್ಟುಗಳ ದುರಸ್ತಿ ಮತ್ತು ನಿರ್ವಹಣೆ’ ಹುಟ್ಟಿದ್ದು ಹಾಗೆ. ಕಂಪ್ಯೂಟರ್ ಬೋರ್ಡಿಲ್ಲದ, ಟಕ್ ಟಕ್ ಎನ್ನುವ ರಿಲೇ ಸ್ವಿಚ್ಚುಗಳ ಮೇಲೆ ಓಡುವ ಲಿಫ್ಟುಗಳ ಕೋರ್ಸ್.

ಚಿತ್ರೀಕರಣ ರಜಾದಿನಗಳಲ್ಲಿ, ಲಿಫ್ಟ್ ನಿಲ್ಲಿಸಿದ ಮೇಲೆ. ಮಷೀನ್ ರೂಮಿನಲ್ಲಿ ಗ್ರೀಸಿನ ವಾಸನೆ, ಬೆವರು. ಒಂದು ಸ್ಟ್ಯಾಂಡಿಗೆ ನನ್ನ ಫೋನು. ಅತ್ತೆ ಇಸ್ತ್ರಿ ಹಾಕಿಕೊಟ್ಟ ಅಂಗಿ ತೊಟ್ಟು ಮಾವ ಕೋರ್ಟಿನಲ್ಲಿ ಸಾಕ್ಷಿ ಹೇಳುವವನಂತೆ ನಿಂತುಬಿಟ್ಟ.

“ಈ ಯಂತ್ರವು… ಮೋಟಾರಿನಿಂದ… ಚಲಿಸಲ್ಪಡುತ್ತದೆ.”

“ಮಾವ, ಯಾರ ಭಾಷೆ ಇದು?”

“ಮತ್ತೆ ಹೆಂಗೆ ಹೇಳ್ಲಿ? ಜನ ನೋಡ್ತಾರಲ್ಲ.”

“ನಾನು ಏನೋ ಮುಟ್ಟಬಾರದ್ದನ್ನ ಮುಟ್ಟಿದೀನಿ ಅಂದ್ಕೊ. ನನಗೆ ಬೈದ ಹಾಗೆ ಹೇಳು.”

ಅವನು ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಮೂರು ಬೆರಳಿನ ಕೈಯನ್ನು ಕ್ಯಾಮೆರಾಕ್ಕೆ ಅಡ್ಡಹಿಡಿದ. “ಇದನ್ನ ನೋಡಿದ್ಯಾ? ಇಲ್ಲಿ ಎರಡು ಕಮ್ಮಿ ಇದೆ. ಯಾಕೆ ಗೊತ್ತಾ? ಮೇನ್ ಸ್ವಿಚ್ ಆಫ್ ಮಾಡದೇನೇ ಕೈ ಹಾಕ್ದೆ. ನೀನೇನಾದ್ರೂ ಹಂಗೆ ಮಾಡಿದ್ರೆ ನನ್ನ ಹತ್ರ ಕಲಿತೆ ಅಂತ ಯಾರಿಗೂ ಹೇಳ್ಬೇಡ.”

ಮೊದಲ ಪಾಠ ಅದೇ ಆಯಿತು. ಐದು ವರ್ಷದಲ್ಲಿ ಅತಿ ಹೆಚ್ಚು ಜನ ನೋಡಿದ್ದೂ ಅದನ್ನೇ.

ಹತ್ತು ಭಾಗ, ನಲವತ್ತೆರಡು ಪಾಠ. ಪ್ರತಿ ಭಾಗದ ಕೊನೆಗೊಂದು ಸಣ್ಣ ಪರೀಕ್ಷೆ. ಎಲ್ಲ ಮುಗಿದ ಮೇಲೆ ಐವತ್ತು ಪ್ರಶ್ನೆಗಳ ದೊಡ್ಡ ಪರೀಕ್ಷೆ. ಐವತ್ತರಲ್ಲಿ ಸುರಕ್ಷತೆಗೆ ಸೇರಿದ ಹತ್ತು ಪ್ರಶ್ನೆಗಳು ಕಡ್ಡಾಯ. ಅವುಗಳಲ್ಲಿ ಒಂದು ತಪ್ಪಿದರೂ ಫೇಲು. ಪ್ರಶ್ನೆಗಳನ್ನು ನಾನು ಆಫೀಸಿನ ಬೀರುವಿನಲ್ಲಿದ್ದ ದಪ್ಪ ಕೈಪಿಡಿಯಿಂದ ಹೆಕ್ಕಿದೆ. ಮಾವನಿಗೆ ತೋರಿಸಹೋದರೆ, “ಪ್ರಶ್ನೆ ನಿನ್ನ ಕೆಲಸ, ಉತ್ತರ ನನ್ನ ಕೆಲಸ” ಎಂದು ಕೈಯಾಡಿಸಿಬಿಟ್ಟ.

ಒಂದು ನಿಯಮವನ್ನು ಮಾತ್ರ ಅವನೇ ಹಟ ಹಿಡಿದು ಸೇರಿಸಿದ. “ಒಂದೇ ದಿನ ಹತ್ತೂ ಭಾಗ ನುಂಗಿದವನು ಮಾರನೇ ದಿನ ಬೆರಳು ಕೊಟ್ಟು ಬರ್ತಾನೆ. ಒಂದು ಭಾಗ ಮುಗಿಸಿದ ಮೇಲೆ ಮನೆಗೆ ಹೋಗಿ ನಿದ್ದೆ ಮಾಡ್ಲಿ. ಮಾರನೇ ದಿನ ಇನ್ನೊಂದು.” ಮೇಡಂಗೆ ಇದು ಇಷ್ಟವಾಗಲಿಲ್ಲ. ಕೊನೆಗೆ ಒಪ್ಪಿದರು. ದಿನಕ್ಕೆ ಒಂದೇ ಭಾಗ. ವಿಡಿಯೊ ಮುಂದಕ್ಕೆ ಓಡಿಸಿಕೊಂಡು ಹೋಗುವಂತಿಲ್ಲ. ಲಿಫ್ಟುಗಳಿಗೆ ಲೈಸೆನ್ಸ್ ಕೊಡುವ ಕಚೇರಿ ನಮ್ಮ ಕೋರ್ಸಿಗೆ ಮಾನ್ಯತೆ ಕೊಟ್ಟಿದ್ದೇ ಈ ನಿಯಮ ನೋಡಿ. ಅವರದೂ ಒಂದು ಷರತ್ತಿತ್ತು: ಕಲಿಯುವವರ ಪ್ರಗತಿಯನ್ನು ನಾವು ಯಾರೂ ಕೈಯಿಂದ ತಿದ್ದುವ ಹಾಗಿರಬಾರದು.

ಕೋರ್ಸ್ ಮಾಡುವುದು ಸುಲಭ. ಅದನ್ನು ಸಾಕುವುದು ಕಷ್ಟ ಎಂದು ಆಮೇಲೆ ತಿಳಿಯಿತು. ಇವತ್ತು ಒಂದು ಚಿತ್ರ ಕಾಣುವುದಿಲ್ಲ, ನಾಳೆ ಒಂದು ನಿಯಮ ಬದಲಾಗುತ್ತದೆ, ನಾಡಿದ್ದು ಯಾರೋ ಪಾಠ ಹದಿನೇಳರಲ್ಲಿ ದನಿ ಕೇಳಿಸುತ್ತಿಲ್ಲ ಎನ್ನುತ್ತಾರೆ. ಪರೀಕ್ಷೆಯ ಒಂದು ಅಕ್ಷರ ಮುಟ್ಟಿದರೂ ನಮ್ಮ ಆನ್‌ಲೈನ್ ವ್ಯವಸ್ಥೆ ಅದನ್ನು ಹೊಸ ಪರೀಕ್ಷೆ ಎಂದೇ ಎಣಿಸುತ್ತಿತ್ತು. ಕೋರ್ಸ್ ಮುಗಿಸದವರ ಪ್ರಗತಿಯನ್ನೆಲ್ಲ ಸೊನ್ನೆಗೆ ಇಳಿಸುತ್ತಿತ್ತು. ಹಾಗಾಗಿ ನಮ್ಮ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಎಲ್ಲರ ಪ್ರಗತಿಯ ಪ್ರತಿ ತೆಗೆದಿಡುವುದು, ಆಮೇಲೆ ತಿದ್ದುವುದು, ಆಮೇಲೆ ಪ್ರತಿಯನ್ನು ಹಾಗೆಯೇ ವಾಪಸ್ ಹಾಕುವುದು. ತಿಂಗಳ ಮೊದಲ ತಾರೀಖು ಈ ಕೆಲಸ. ‘ಮೊದಲು ಪ್ರತಿ’ ಎಂದು ಚೀಟಿಯಲ್ಲಿ ಬರೆದು ನನ್ನ ಪರದೆಯ ಅಂಚಿಗೆ ಅಂಟಿಸಿದ್ದೆ. ಐದು ವರ್ಷದಲ್ಲಿ ಅರವತ್ತು ಬಾರಿ ತಿದ್ದಿದ್ದೇನೆ. ಒಬ್ಬರ ಒಂದು ಅಂಕವೂ ಹೋಗಿರಲಿಲ್ಲ.

ಕಲಿಯುವವರ ಪ್ರಶ್ನೆಗಳನ್ನು ನಾನು ಬೆಳಗ್ಗೆ ಓದುತ್ತಿದ್ದೆ. ಮಾವ ಗಡ್ಡ ಹೆರೆದುಕೊಳ್ಳುತ್ತಾ ಉತ್ತರ ಹೇಳುತ್ತಿದ್ದ.

“ಮಾವ, ಒಬ್ಬರು ಬರೆದಿದಾರೆ. ಲಿಫ್ಟ್ ನಾಲ್ಕನೇ ಮಹಡೀಲಿ ಮಾತ್ರ ಆಗಾಗ ನಿಂತ್ಕೊಳ್ಳುತ್ತಂತೆ. ಎಲ್ಲ ಬಿಚ್ಚಿ ನೋಡಿದ್ರಂತೆ, ಏನೂ ಸಿಗ್ಲಿಲ್ವಂತೆ.”

“ನಾಲ್ಕನೇ ಮಹಡೀಲಿ ಮಕ್ಕಳಿದಾವಾ ಕೇಳು.”

“ಮಕ್ಕಳಾ?”

“ಬಾಗಿಲಿಗೆ ಒದೀತಿರ್ತಾವೆ. ಬಾಗಿಲ ಮೇಲಿನ ಸ್ವಿಚ್ ಸಡಿಲ ಆಗಿರುತ್ತೆ. ಸ್ವಿಚ್ ಬಿಗಿ ಮಾಡಿ, ಮಗೂಗೆ ಒಂದು ಚೆಂಡು ಕೊಡಿಸಿ ಅಂತ ಬರಿ.”

ಎರಡು ದಿನ ಬಿಟ್ಟು ಉತ್ತರ ಬಂತು: ‘ಗುರುಗಳೇ, ಮಗು ಅಲ್ಲ. ಮನೆ ಯಜಮಾನರೇ ಒದೆಯುತ್ತಿದ್ದರು.’ ಮಾವ ಮುಖಕ್ಕೆ ಸೋಪು ಮೆತ್ತಿಕೊಂಡೇ ನಕ್ಕು, ಕೆನ್ನೆ ಕೊಯ್ದುಕೊಂಡ. ಇಂಥ ಪ್ರಶ್ನೋತ್ತರ ಸಾವಿರದ ಒಂಬೈನೂರು ದಾಟಿದ್ದವು.

ಐದನೆಯ ವರ್ಷ ಮೇಡಂ ನನ್ನನ್ನು ಕರೆದರು.

“ಈ ತಿಂಗಳು ಲಿಫ್ಟ್ ಕೋರ್ಸಿಗೆ ಎಷ್ಟು ಜನ ಸೇರಿದ್ರು?”

“ಇಬ್ಬರು.”

“ಹೋದ ತಿಂಗಳು?”

“ಮೂರು.”

“ಹಳೇ ಲಿಫ್ಟುಗಳನ್ನೆಲ್ಲ ಕಿತ್ತು ಹಾಕ್ತಿದಾರೆ ಕಣಮ್ಮ. ಇನ್ನು ನಾಲ್ಕು ವರ್ಷಕ್ಕೆ ಒಂದೂ ಇರಲ್ಲ. ಈ ಕೋರ್ಸನ್ನ ಬರೋ ತಿಂಗಳ ಮೂವತ್ತಕ್ಕೆ ನಿವೃತ್ತಿ ಮಾಡೋಣ.”

ಆಫೀಸಿನಲ್ಲಿ ಕೋರ್ಸುಗಳಿಗೂ ನಿವೃತ್ತಿ ಎಂದೇ ಹೇಳುತ್ತಿದ್ದರು. ಬೀಳ್ಕೊಡುಗೆ ಮಾತ್ರ ಇರುತ್ತಿರಲಿಲ್ಲ. ನೋಟಿಸ್ ಹಾಕಿದ ಮೇಲೆ ಕೋರ್ಸಿನ ನಿಯಮಗಳಿಗೆಲ್ಲ ಬೀಗ ಬೀಳುತ್ತಿತ್ತು. ತಪ್ಪು ಕಂಡರೆ ತಿದ್ದಬಹುದಿತ್ತು, ಅಷ್ಟೆ. ಇನ್ನು ಯಾವ ತಿದ್ದುಪಡಿ ಎಂದು ನಾನು ಪರದೆಯ ಮೇಲಿನ ಚೀಟಿ ಕಿತ್ತು ಬುಟ್ಟಿಗೆ ಹಾಕಿದೆ.

ಅದೇ ವಾರ ಇನ್ನೊಂದು ಆದೇಶ ಬಂತು, ಲೈಸೆನ್ಸ್ ಕಚೇರಿಯಿಂದ. ಮೂವತ್ತರ ನಂತರ, ಸ್ವಂತ ಹೆಸರಿನಲ್ಲಿ ಲೈಸೆನ್ಸ್ ಇಲ್ಲದ ಯಾರೂ ಮಷೀನ್ ರೂಮಿಗೆ ಕಾಲಿಡುವಂತಿಲ್ಲ. ಸಹಾಯಕರೂ ಇಲ್ಲ. ಡಿಪ್ಲೊಮಾ ಇಲ್ಲದವರು ಮಾನ್ಯತೆ ಪಡೆದ ಕೋರ್ಸೊಂದರ ಸರ್ಟಿಫಿಕೇಟ್ ತೋರಿಸಿದರೆ ಸಾಕು. ಮಾನ್ಯತೆ ಇದ್ದ ಬೇರೆ ಕೋರ್ಸುಗಳಿಗೆ ಸೇರಲಿಕ್ಕೇ ಡಿಪ್ಲೊಮಾ ಬೇಕಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮಾವನಿಗೆ ತೆರೆದಿದ್ದ ಬಾಗಿಲು ಒಂದೇ. ಅದು ಅವನೇ ಮಾಡಿದ್ದು.

“ನಾನು ಹೇಳ್ಕೊಟ್ಟಿದ್ದನ್ನ ನಾನೇ ಕೂತು ಕಲೀಬೇಕಾ?” ಮಾವ ತಟ್ಟೆ ಸರಿಸಿ ಎದ್ದ. “ಊರವರೆಲ್ಲ ನಗಲಿ ಅಂತಾನಾ?”

“ಊರವರಿಗೆ ಬೇರೆ ಕೆಲಸ ಇಲ್ವಾ?” ಅತ್ತೆ ಅಡುಗೆಮನೆಯಿಂದಲೇ ಅಂದಳು.

“ಆ ಕೋರ್ಸಲ್ಲಿ ಇರೋದೇ ನಾನು. ನನ್ನ ಮುಖಾನೇ ಸರ್ಟಿಫಿಕೇಟ್. ಅದನ್ನ ತೋರಿಸಿದ್ರೆ ಆಗಲ್ವಾ?”

ಆಗುವುದಿಲ್ಲ ಎಂದು ಲೈಸೆನ್ಸ್ ಕಚೇರಿಯ ಗುಮಾಸ್ತರು ಹೇಳಿದರು. ಕಲಿಸಿದವರಿಗೆ ಸರ್ಟಿಫಿಕೇಟ್ ಕೊಡುವ ಪದ್ಧತಿ ಇಲ್ಲ, ಕಲಿತವರಿಗೆ ಮಾತ್ರ. ಮಾವ ಒಂದು ತಿಂಗಳು ಬಿಗುಮಾನದಿಂದ ಕೂತ. ಕೊನೆಗೆ ಅತ್ತೆ ಮುಖ ತಿರುಗಿಸಿಕೊಂಡು ಮಾತು ಬಿಟ್ಟಳು. ಎರಡು ದಿನ ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳಬೇಕಾಗಿ ಬಂದಾಗ ಅವನು ಸೋತ. ಒಂಬತ್ತನೇ ತಾರೀಖು ನನ್ನ ಲ್ಯಾಪ್‌ಟಾಪಿನ ಮುಂದೆ ಬಂದು ಕೂತು, “ಸೇರಿಸ್ಕೊಳಮ್ಮ, ಹೊಸ ವಿದ್ಯಾರ್ಥಿ” ಅಂದ.

ಮೇಡಂಗೆ ಲೆಕ್ಕ ಕೊಟ್ಟೆ: ಈ ತಿಂಗಳೂ ಇಬ್ಬರು.

“ಅದರಲ್ಲಿ ಒಬ್ಬರು ನಿಮ್ಮ ಮಾವ,” ಅಂದರು ಮೇಡಂ.

ದಿನಾ ಸಂಜೆ ಕೆಲಸದಿಂದ ಬಂದವನೇ ಕೈಕಾಲು ತೊಳೆದು ಕೂರುತ್ತಿದ್ದ. ಪರದೆಯಲ್ಲಿ ಐದು ವರ್ಷ ಚಿಕ್ಕವನಾದ ಮಾವ. ತಲೆಕೂದಲು ಇನ್ನೂ ಕಪ್ಪು. ಅವನು ಹೇಳುತ್ತಾ ಹೋಗುತ್ತಿದ್ದ, ಇವನು ಕೇಳುತ್ತಾ ಕೂರುತ್ತಿದ್ದ. ಓಡಿಸುವ ಹಾಗಿಲ್ಲ.

“ಅಬ್ಬಬ್ಬಾ! ಈ ಮನುಷ್ಯ ಎಷ್ಟು ಕೊರೀತಾನೆ!”

“ಈಗ ಗೊತ್ತಾಯ್ತಾ?” ಅಂದಳು ಅತ್ತೆ. “ಇಪ್ಪತ್ತಾರು ವರ್ಷದಿಂದ ಕೇಳ್ತಿದೀನಿ. ನನಗಂತೂ ಒಂದು ಸರ್ಟಿಫಿಕೇಟ್ ಬಂದೇ ಬರ್ಬೇಕು.”

ಕೆಲವೊಮ್ಮೆ ಅವನು ಪರದೆಯವನ ಜೊತೆ ಜಗಳ ತೆಗೆಯುತ್ತಿದ್ದ. “ಹಂಗಲ್ಲ ಕಣಯ್ಯಾ, ಬ್ರೇಕಿನ ಸ್ಪ್ರಿಂಗ್ ಮೊದಲು ನೋಡು!” ಮರುಕ್ಷಣವೇ ಪರದೆಯವನು “ಬ್ರೇಕಿನ ಸ್ಪ್ರಿಂಗ್ ಮೊದಲು ನೋಡಿ” ಅನ್ನುತ್ತಿದ್ದ. ಮಾವ ನನ್ನ ಕಡೆ ತಿರುಗಿ, “ಪರವಾಗಿಲ್ಲ, ಗೊತ್ತಿದೆ ಇವನಿಗೆ” ಎನ್ನುತ್ತಿದ್ದ. ನಡುವೆ ನಾಲ್ಕು ದಿನ ಎರಡು ಪಾಳಿ ಬಿದ್ದು ಕೂರಲಾಗಲಿಲ್ಲ. ಇಪ್ಪತ್ತೆರಡಕ್ಕೆ ಹತ್ತನೇ ಭಾಗ ಮುಗಿಯಿತು. ಇಪ್ಪತ್ತಮೂರರ ಸಂಜೆ ದೊಡ್ಡ ಪರೀಕ್ಷೆ. ಅತ್ತೆ ಟಿ.ವಿ. ಆರಿಸಿ, ಪಕ್ಕದ ಮನೆಯವರಿಗೂ ಸದ್ದು ಮಾಡಬೇಡಿ ಅಂದು ಬಂದಳು.

ಐವತ್ತಕ್ಕೆ ನಲವತ್ತೊಂಬತ್ತು. ಫಲಿತಾಂಶ: ಅನುತ್ತೀರ್ಣ.

ತಪ್ಪಿದ್ದು ಹದಿನಾಲ್ಕನೇ ಪ್ರಶ್ನೆ. ಕಡ್ಡಾಯದ್ದು. ‘ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿದೆ. ಒಳಗೆ ಜನರಿದ್ದಾರೆ. ಮೊದಲು ಏನು ಮಾಡಬೇಕು?’ ನಾನು ಕೈಪಿಡಿಯಿಂದ ಬರೆದ ಸರಿಯುತ್ತರ: ಮೇನ್ ಆಫ್ ಮಾಡಬೇಕು. ಮಾವ ಒತ್ತಿದ್ದು: ಒಳಗಿರುವವರ ಜೊತೆ ಮಾತಾಡಬೇಕು.

“ನೀನೇ ತಾನೇ ಮಾವ, ಎಲ್ಲಕ್ಕಿಂತ ಮೊದಲು ಮೇನ್ ಅಂತ ಪಾಠ ಒಂದರಲ್ಲಿ ಹೇಳಿರೋದು?”

“ಅದು ಕೈ ಹಾಕೋಕೆ ಮೊದಲು. ಇದು ಜನ ಇದ್ದಾಗ. ಹಳೇ ಲಿಫ್ಟಲ್ಲಿ ದೀಪ, ಫ್ಯಾನು ಎಲ್ಲ ಒಂದೇ ಮೇನಿಗೆ ಇರುತ್ತೆ. ಹೇಳ್ದೆ ಕೇಳ್ದೆ ಆಫ್ ಮಾಡಿದ್ರೆ ಒಳಗಿದ್ದೋರಿಗೆ ಕತ್ತಲೆ, ಉಸಿರು ಕಟ್ಟುತ್ತೆ. ಹೆದರಿ ಬಾಗಿಲು ಎಳೀತಾರೆ, ಸಂದೀಲಿ ಕಾಲು ಹಾಕ್ತಾರೆ. ಮೊದಲು ಮಾತು, ಆಮೇಲೆ ಮೇನ್. ಇದನ್ನ ನಾನು ಎಲ್ಲೋ ಹೇಳಿದೀನಲ್ಲ, ಪಾಠ ಮೂವತ್ತರಲ್ಲಿ?”

ಹೇಳಿದ್ದ. ಪಾಠ ಉದ್ದವಾಯಿತೆಂದು ಆ ಎರಡು ನಿಮಿಷವನ್ನು ಕತ್ತರಿಸಿದ್ದು ನಾನು. ಅದನ್ನು ಅವನಿಗೆ ಹೇಳಿದೆ.

“ಈ ಪರೀಕ್ಷೆ ಎಷ್ಟು ಜನ ಪಾಸಾಗಿದಾರೆ?”

“ಎರಡು ಸಾವಿರದ ಮುನ್ನೂರು ಚಿಲ್ಲರೆ.”

“ಎಲ್ಲರೂ ಮೇನ್ ಅಂತಾನೇ ಒತ್ತಿ?”

“ಹೂಂ. ಮಾವ, ಈಗ ಅದನ್ನ ಬಿಡು. ನಾಳೆ ಮತ್ತೆ ಬರೀಬಹುದು. ಹದಿನಾಲ್ಕಕ್ಕೆ ಮೇನ್ ಅಂತ ಒತ್ತಿಬಿಡು, ಮುಗೀತು.”

“ಒತ್ತಲ್ಲ.”

“ಅಯ್ಯೋ, ಒಂದು ಸಲ ಒತ್ತಿದ್ರೆ ಕೈ ಸವೆಯುತ್ತಾ?” ಅಂದಳು ಅತ್ತೆ.

“ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಹೇಳಿ ಪಾಸಾಗ್ಲಾ? ನನ್ನ ಕೋರ್ಸಲ್ಲೇ?” ಮಾವನ ದನಿ ಏರಲಿಲ್ಲ. ಏರಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. “ಪುಟ್ಟಿ, ಅದನ್ನ ಸರಿ ಮಾಡು. ಮುಂದಿನ ವಾರ ಮುಚ್ಚೋದಾದ್ರೂ ಸರಿ ಮಾಡಿ ಮುಚ್ಚು. ಆಮೇಲೆ ಬರೀತೀನಿ.”

ಇಪ್ಪತ್ತನಾಲ್ಕರ ಬೆಳಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ನಾನು ಹದಿನಾಲ್ಕನೇ ಪ್ರಶ್ನೆ ತೆರೆದೆ. ಹತ್ತಕ್ಕೆ ಮೇಡಂ ಕರೆದ ಸಭೆ ಇತ್ತು. ಗಡಿಯಾರ ಒಂದು ನಿಮಿಷ ತಡವನ್ನೂ ಸಹಿಸುತ್ತಿರಲಿಲ್ಲ. ‘ಮೇನ್’ ಎದುರಿನ ಗುರುತು ತೆಗೆದು ‘ಮಾತಾಡಬೇಕು’ ಎದುರು ಹಾಕಿದೆ. ಪ್ರಕಟಿಸು ಎಂಬುದನ್ನು ಒತ್ತಿದೆ. ಪುಸ್ತಕ ಹಿಡಿದು ಸಭೆಗೆ ಓಡಿದೆ. ಸಂಜೆ ಮಾವನಿಗೆ ಹೇಳಬೇಕು, ಅವನ ಮುಖ ನೋಡಬೇಕು ಎಂದು ಸಭೆಯುದ್ದಕ್ಕೂ ಯೋಚಿಸುತ್ತಿದ್ದೆ. ಪರದೆಯ ಅಂಚಿನಲ್ಲಿ ಚೀಟಿ ಇದ್ದ ಜಾಗದಲ್ಲಿ ಗೋಂದಿನ ಕಲೆ ಮಾತ್ರ ಇತ್ತು.

ಸಂಜೆ ಮಾವ ಲಾಗಿನ್ ಆದ. ನಾನು ಅಡುಗೆಮನೆಯಲ್ಲಿ ಅತ್ತೆಗೆ ಈರುಳ್ಳಿ ಹೆಚ್ಚಿಕೊಡುತ್ತಿದ್ದೆ.

“ಪುಟ್ಟಿ, ಇದೇನೋ ಮೊದಲನೇ ಪಾಠಕ್ಕೆ ಸ್ವಾಗತ ಅಂತಿದೆ. ತಮಾಷೆ ಮಾಡಿದ್ಯಾ?”

ನಾನು ಚಾಕು ಕೆಳಗಿಟ್ಟೆ. ಹೋಗಿ ನೋಡಬೇಕಾಗಿಯೇ ಇರಲಿಲ್ಲ. ಆದರೂ ಹೋಗಿ ನೋಡಿದೆ. ಪರದೆಯಲ್ಲಿ ಅವನ ಹೆಸರು. ಅದರ ಎದುರು ಸೊನ್ನೆ. ಪರದೆಯವನು ಮೂರು ಬೆರಳಿನ ಕೈ ಎತ್ತಿ ನಿಂತಿದ್ದ.

ಹತ್ತು ಭಾಗಕ್ಕೆ ಹತ್ತು ದಿನ. ಮೂವತ್ತರ ಸಂಜೆಗೆ ಅಂದರೆ ಏಳು ಸಂಜೆ. ಲೆಕ್ಕ ಮಾಡಲು ಬೆರಳು ಸಾಕಿತ್ತು.

ನಾನು ಹೇಳಿದೆ. ಏನು ಮಾಡಿದೆ, ಏನು ಮಾಡಲಿಲ್ಲ, ಎಲ್ಲವನ್ನೂ. ಅತ್ತೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

“ವಾಪಸ್ ಬರಲ್ವಾ?” ಮಾವ ಕೇಳಿದ.

“ಕೇಳ್ತೀನಿ. ನಾಳೆ ಬೆಳಗ್ಗೇನೇ ಕೇಳ್ತೀನಿ.”

“ಕೇಳು. ಅಲ್ಲಿವರೆಗೆ ನಾನು ಸುಮ್ನೆ ಕೂರೋದ್ಯಾಕೆ?” ಎಂದು ಮೊದಲ ಪಾಠ ಒತ್ತಿದ. ‘ಇದನ್ನ ನೋಡಿದ್ಯಾ? ಇಲ್ಲಿ ಎರಡು ಕಮ್ಮಿ ಇದೆ’ ಎಂದು ಪರದೆಯವನು ಶುರುಮಾಡಿದ.

ಮರುದಿನ ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವ್ಯವಸ್ಥೆ ನಡೆಸುವ ಕಂಪನಿಗೆ ನನ್ನ ಎದುರಿಗೇ ಫೋನ್ ಮಾಡಿದರು. ಆ ಕಡೆಯವರು ಕೇಳಿದ್ದು ಒಂದೇ ಮಾತು: ಪ್ರತಿ ಇದೆಯಾ? ಇತ್ತು, ಹೋದ ತಿಂಗಳ ಒಂದನೇ ತಾರೀಖಿನದು. ಮಾವ ಸೇರಿದ್ದು ಈ ತಿಂಗಳ ಒಂಬತ್ತಕ್ಕೆ. ಲಿಖಿತವಾಗಿ ಕೊಡಿ, ನೋಡುತ್ತೇವೆ ಎಂದರು. ಮೂರು ದಿನ ಬಿಟ್ಟು ಉತ್ತರ ಬಂತು. ಆಗುವುದಿಲ್ಲ. ಮುಚ್ಚುವ ತಾರೀಖನ್ನು ಮುಂದೂಡಲು ಲೈಸೆನ್ಸ್ ಕಚೇರಿಗೂ ಮೇಡಂ ಬರೆದರು. ಮಾನ್ಯತೆ ಮೂವತ್ತಕ್ಕೆ ಮುಗಿಯುತ್ತದೆ, ಪಟ್ಟಿ ಅಚ್ಚಾಗಿದೆ, ಎಂದು ಎರಡು ಸಾಲು ಬಂತು.

“ಆ ದಿನಕ್ಕೊಂದು ಭಾಗ ಅನ್ನೋ ನಿಯಮ ಇಲ್ದೇ ಇದ್ದಿದ್ರೆ ಒಂದೆರಡು ದಿನದಲ್ಲಿ ಮುಗಿಸ್ತಿದ್ರು,” ಅಂದರು ಮೇಡಂ. ಆಮೇಲೆ ಅದು ಯಾರ ನಿಯಮ ಎಂದು ನೆನಪಾಗಿ ಕಿಟಕಿಯ ಕಡೆ ನೋಡಿದರು.

ಇಷ್ಟನ್ನೂ ಮಾವನಿಗೆ ಬಂದ ಹಾಗೆಯೇ ತಿಳಿಸಿದೆ. ಅವನು ನೋಡುವುದನ್ನು ನಿಲ್ಲಿಸಲಿಲ್ಲ. ಅತ್ತೆಗೆ ತಡೆಯಲಾಗಲಿಲ್ಲ.

“ಇನ್ನು ಯಾಕೆ ನೋಡ್ತೀರಿ ಅದನ್ನ? ಏನು ಬರುತ್ತೆ?”

“ಮುಚ್ಚಿಬಿಡ್ತಾರಲ್ಲ, ಅದಕ್ಕೆ. ನಾನು ಚೆನ್ನಾಗಿ ಹೇಳಿದೀನಿ ಕಣೇ,” ಅಂದ ಮಾವ. “ಈ ಸಲ ಪರೀಕ್ಷೆ ಭಯ ಇಲ್ಲ, ಆರಾಮಾಗಿ ನೋಡ್ತಿದೀನಿ.”

ನನ್ನ ಜೊತೆ ಅವನು ಮಾತು ಬಿಡಲಿಲ್ಲ. ಒಂದು ಸಂಜೆ ಪಾಠದ ನಡುವೆ ಕೈ ಮುಂದೆ ಚಾಚಿ, ಬೆರಳಿಲ್ಲದ ಜಾಗವನ್ನು ನೋಡುತ್ತಾ, “ಅವತ್ತು ಮೇನ್ ಎಷ್ಟು ದೂರ ಇತ್ತು ಗೊತ್ತಾ?” ಅಂದ. “ಮೂರು ಹೆಜ್ಜೆ.” ಅದು ಬೈಗುಳವೋ ಸಮಾಧಾನವೋ ನಾನು ಕೇಳಲಿಲ್ಲ.

ಮೂವತ್ತರ ಸಂಜೆ ಆರಕ್ಕೆ ಕೋರ್ಸ್ ಮುಚ್ಚಬೇಕಿತ್ತು. ಗುಂಡಿ ಒತ್ತಬೇಕಾದವಳು ನಾನೇ. ಮಾಡಬೇಕಾದ ಕೆಲಸಗಳ ಪಟ್ಟಿ ಬೆಳಗ್ಗೆಯಿಂದ ಒಂದೊಂದಾಗಿ ಮುಗಿಸಿದೆ. ಕಲಿಯುವವರು ಕೇಳಿದ್ದರಲ್ಲಿ ಉಳಿದ ಎರಡು ಪ್ರಶ್ನೆಗೆ ಮಾವ ಹೇಳಿಕೊಟ್ಟಿದ್ದ ಉತ್ತರ ಬರೆದೆ. ಪಾಸಾದವರಿಗೆಲ್ಲ ಹದಿನಾಲ್ಕನೇ ಪ್ರಶ್ನೆಯ ತಿದ್ದುಪಡಿ ಕಳಿಸಿದೆ. ಅದರಲ್ಲಿ ಸಾವಿರಕ್ಕೂ ಹೆಚ್ಚು ವಿಳಾಸ ತಪ್ಪೆಂದು ಹಿಂದಿರುಗಿದವು. ಮೂಲ ವಿಡಿಯೊಗಳು ಕಂಪನಿಯ ಸ್ವತ್ತು. ಜಾಗ ಖಾಲಿ ಮಾಡಬೇಕೆಂದು ಅವನ್ನೂ ಅಳಿಸುವ ಪಟ್ಟಿಗೆ ಹಾಕಿದೆ.

ಆರಕ್ಕೆ ಎರಡು ನಿಮಿಷ ಇತ್ತು. ಪರದೆಯ ಮೂಲೆಯಲ್ಲಿ ‘ಈಗ ನೋಡುತ್ತಿರುವವರು: 1’ ಎಂದಿತ್ತು. ಏಳನೇ ಭಾಗ, ಪಾಠ ಇಪ್ಪತ್ತೊಂಬತ್ತು. ಇನ್ನೂ ಆರು ನಿಮಿಷದ ಪಾಠ ಬಾಕಿ. ಆರು ಹೊಡೆಯಿತು. ನಾನು ಒತ್ತಲಿಲ್ಲ. ಮೇಡಂ ಬಂದು ಕುರ್ಚಿಯ ಹಿಂದೆ ನಿಂತರು. ಅವರಿಗೂ ಆ ‘1’ ಕಂಡಿತು. ಎರಡು ನಿಮಿಷ ಅವರು ಏನೂ ಅನ್ನಲಿಲ್ಲ. ಗಡಿಯಾರ ನನಗೆ ಕೊಟ್ಟ ದೊಡ್ಡ ಉಡುಗೊರೆ ಅದು.

“ಆಯ್ತಮ್ಮ,” ಅಂದರು ಆಮೇಲೆ.

ಒತ್ತಿದೆ. ‘1’ ಹೋಗಿ ‘0’ ಆಯಿತು.

ಮನೆಗೆ ಬಂದಾಗ ಮಾವ ಲ್ಯಾಪ್‌ಟಾಪ್ ಮುಚ್ಚಿ, ಒದ್ದೆ ಬಟ್ಟೆಯಲ್ಲಿ ಅದರ ಮುಚ್ಚಳ ಒರೆಸುತ್ತಿದ್ದ. “ಬ್ರೇಕಿನ ಬಗ್ಗೆ ಹೇಳ್ತಿದ್ದೆ, ಅರ್ಧಕ್ಕೆ ನಿಂತೋಯ್ತು,” ಅಂದ.

ಮಾರನೆಯ ದಿನ ಮಷೀನ್ ರೂಮಿನ ಬೀಗದ ಕೈ ಕೊಟ್ಟುಬಂದ. ತೆಗೆದುಕೊಂಡವನು ಇಪ್ಪತ್ತಾರು ವರ್ಷದ ಮೆಕ್ಯಾನಿಕ್. ಮೂರು ವರ್ಷದ ಹಿಂದೆ ನಮ್ಮ ಕೋರ್ಸ್ ಪಾಸಾದವನು. ಮಾವನನ್ನು ಕಂಡ ಕೂಡಲೇ ಗುರುತು ಹಿಡಿದು, “ಮೇಷ್ಟ್ರೇ, ನೀವಾ? ಇಲ್ಲೇ ಇದ್ದದ್ದಾ ನೀವು?” ಎಂದು ಕೈ ಹಿಡಿದುಕೊಂಡನಂತೆ. ಕೆಳಗೆ, ಲಿಫ್ಟಿನ ಬಾಗಿಲ ಪಕ್ಕ, ಮಾವನಿಗೆ ಒಂದು ಸ್ಟೂಲು ಕೊಟ್ಟರು. ಲಿಫ್ಟ್ ಕೆಟ್ಟರೆ ಪುಸ್ತಕದಲ್ಲಿ ಬರೆದು ಮೇಲಕ್ಕೆ ಫೋನ್ ಮಾಡುವ ಕೆಲಸ. ಸದ್ದು ಕೇಳಿಯೇ ಏನು ಕೆಟ್ಟಿದೆಯೆಂದು ಅವನಿಗೆ ಗೊತ್ತಾಗುತ್ತಿತ್ತು. ಬರೆದುಕೊಳ್ಳಲು ಆ ಪುಸ್ತಕದಲ್ಲಿ ಅಂಥ ಕಾಲಂ ಇರಲಿಲ್ಲ.

ಹನ್ನೊಂದು ದಿನ ಕಳೆದ ಮೇಲೆ ಲಿಫ್ಟ್ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತಿತು. ಒಳಗೆ ನಾಲ್ಕು ಜನ. ಮಾವ ಫೋನ್ ಮಾಡಿ, “ಮೇನ್ ಮುಟ್ಬೇಡ, ನಾನು ಮಾತಾಡೋವರೆಗೆ ತಡಿ” ಅನ್ನುವಷ್ಟರಲ್ಲಿ ಮೇಲಿದ್ದವನು ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದ್ದ. ತಿದ್ದುಪಡಿಯ ಪತ್ರ ಅವನ ಹಳೆಯ ವಿಳಾಸಕ್ಕೆ ಹೋಗಿ ಹಿಂದಿರುಗಿತ್ತು. ದೀಪ ಹೋಯಿತು, ಫ್ಯಾನ್ ನಿಂತಿತು. ಒಳಗಿನಿಂದ ಕಿರುಚಾಟ, ಬಾಗಿಲು ಎಳೆಯುವ ಸದ್ದು. ಮಾವ ಮೆಟ್ಟಿಲು ಹತ್ತಿ ಓಡಿ, ಮೂರನೇ ಮಹಡಿಯ ಬಾಗಿಲ ಸಂದಿಗೆ ಬಾಯಿಟ್ಟು, “ನಾನು ಇಲ್ಲೇ ಇದೀನಿ. ಯಾರೂ ಕಾಲು ಹೊರಗೆ ಹಾಕ್ಬೇಡಿ. ನಿಮ್ಮ ಹೆಸರು ಹೇಳಿ ಒಬ್ಬೊಬ್ಬರೇ” ಅಂದ. ಅಷ್ಟರಲ್ಲಿ ಒಬ್ಬ ಹೆಂಗಸು ಕಾಲು ಹಾಕಿಯಾಗಿತ್ತು. ಮೇಲಿದ್ದವನು ಬ್ರೇಕ್ ಬಿಡಿಸಿ ಲಿಫ್ಟನ್ನು ಒಂದಿಷ್ಟು ಇಳಿಸಿದ್ದ, ಅವಳ ಕಾಲು ಸಂದಿಯಲ್ಲಿ ಸಿಕ್ಕಿಬಿದ್ದಿತ್ತು. ಇನ್ನುಳಿದ ಮೂವರನ್ನು ಮಾವ ನಲವತ್ತು ನಿಮಿಷ ಮಾತಾಡಿಸುತ್ತಲೇ ಕೂರಿಸಿದ.

ಆಮೇಲೆ ಕಟ್ಟಡದ ಮ್ಯಾನೇಜರ್ ವರದಿ ಬರೆದರು. ಲೈಸೆನ್ಸ್ ಇದ್ದ ಮೆಕ್ಯಾನಿಕ್ ನಿಯಮದಂತೆ ನಡೆದುಕೊಂಡಿದ್ದಾನೆ. ಲೈಸೆನ್ಸ್ ಇಲ್ಲದ ವ್ಯಕ್ತಿಯೊಬ್ಬ ಲಿಫ್ಟಿನ ಬಾಗಿಲ ಬಳಿ ಹೋಗಿದ್ದಾನೆ. ಮಾವನ ಸ್ಟೂಲು ಮರುದಿನ ಅಲ್ಲಿರಲಿಲ್ಲ.

ಆ ಮೆಕ್ಯಾನಿಕ್ ಮನೆಗೆ ಬಂದಿದ್ದ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. “ಮೇಷ್ಟ್ರೇ, ಪರೀಕ್ಷೇಲಿ ಹಂಗೇ ಇತ್ತಲ್ಲ?” ಅಂದ.

“ಇತ್ತಪ್ಪ,” ಅಂದ ಮಾವ. “ನಿನ್ನದೇನೂ ತಪ್ಪಿಲ್ಲ. ಕೂತ್ಕೊ.”

ನಾನು ಒಳಗಿದ್ದೆ. ಹೊರಗೆ ಬರಲಿಲ್ಲ.

ಹೋದದ್ದು ಇಷ್ಟು. ನಲವತ್ತೆರಡು ಪಾಠ, ಸಾವಿರದ ಒಂಬೈನೂರ ಹದಿನಾರು ಪ್ರಶ್ನೆ ಮತ್ತು ಅವುಗಳ ಉತ್ತರ, ಮೂವತ್ತೊಂದು ವರ್ಷದ ಒಂದು ಬೀಗದ ಕೈ, ಕೆಳಗಿನ ಮಹಡಿಯ ಒಂದು ಸ್ಟೂಲು. ನನಗೆ ಗೊತ್ತಿಲ್ಲದ ಒಬ್ಬ ಹೆಂಗಸಿನ ಎಡಗಾಲಿನ ಮೂರು ಬೆರಳು. ಪಾಠ ಮೂವತ್ತರಿಂದ ನಾನು ಕತ್ತರಿಸಿದ್ದು ಎರಡು ನಿಮಿಷ. ಪ್ರತಿ ತೆಗೆಯಲು ಹಿಡಿಯುತ್ತಿದ್ದದ್ದು ನಾಲ್ಕು.